ಅಮ್ಮಿನಬಾವಿಯ ಹಾದಿಯಲ್ಲಿ

ಧಾರವಾಡದಿಂದ ಸವದತ್ತಿಯ ಮಾರ್ಗವಾಗಿ ಸುಮಾರು ಎರಡು ಹರದಾರಿ ಸಾಗಿದರೆ ಅಮ್ಮಿನಬಾವಿ ದೊರೆಯುತ್ತದೆ. ಕಳೆದ ಚೈತ್ರದಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಊರಿನ ಪುರಾತನ ಬಸದಿಯನ್ನು ನೋಡುವುದೊಂದು ನೆಪ. ನಿಜವಾದ ಕಾರಣವು ಬೇರೆ. ಪೆನ್ಶನ್ನಿನ ಹಣದಲ್ಲಿ ಆ ಹಾದಿಯ ಮಗ್ಗುಲಿಗೆ ನಾವೊಂದು ನಿವೇಶನವನ್ನು ಕೊಂಡಿದ್ದೆವು. ಮನೆ ಕಟ್ಟಿಸುವ ವಿಚಾರಕ್ಕಾಗಿ ಅಮ್ಮಿನಬಾವಿಯವನೇ ಆದ ಗೌಂಡಿಯೊಬ್ಬನನ್ನು ಸಂಗಡ ಕರೆದುಕೊಂಡಿದ್ದೆವು.

ಎರೆಯ ಹೊಲದಲ್ಲಿ ಸುಣ್ಣ ಬಳಿದ ನಾಲ್ಕು ಕಲ್ಲುಗಳು. ಇದೇ ನಮ್ಮ ಆಸ್ತಿ! ರಸ್ತೆಯಿಲ್ಲ, ಗಟಾರವಿಲ್ಲ. ಹೊಲದ ಉತಾರವನ್ನು ತೆಗೆಸಿ ನೋಡಿದರೆ ಭೂಮಿಯು ಇನ್ನೂ ಬಿನ್‌ಶೇತ್ಕಿಯೇ ಆಗಿರಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣವನ್ನು ಕಲಿಸಿದ ನಾವು ಒಂದು ಉತಾರವನ್ನು ಓದದೆ ರುಜು ಹಾಕಿದ್ದೆವು.

ಇಂಥ ಅನರ್ಥವನ್ನು ತಡೆಯಲು ಉಪಾಯಗಳಿಲ್ಲವೆಂದಲ್ಲ. ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದಾಗಲೇ, ೧೯೧೫ರಲ್ಲಿ, ನಗರರಚನೆಯ ಕಾಯಿದೆಯು ಹುಟ್ಟಿತು. ಊರಂಚಿನ ಹೊಲಗಳನ್ನು ಒಟ್ಟುಗೂಡಿಸಿ, ರಸ್ತೆ, ಬಯಲುಗಳಿಗೆ ಬೇಕಾದಷ್ಟನ್ನು ತೆಗೆದು, ಮಿಕ್ಕುದನ್ನು ಚೊಕ್ಕಟವಾಗಿ ವಿಂಗಡಿಸಿ ಒಡೆಯರಿಗೇ ಮರಳಿಸುವುದು ಅದರ ಕ್ರಮ. ನಮ್ಮ ರಾಜ್ಯದ ೧೯೬೧ರ ಕಾಯಿದೆಯಲ್ಲಿಯೂ ಈ ಕ್ರಮವುಂಟು. ಗುಜರಾತದವರು ೧೯೭೬ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಇಂಥ ಯೋಜನೆಯಲ್ಲಿ ನೂರಕ್ಕೆ ಹತ್ತರಷ್ಟು ಭೂಮಿಯನ್ನು ಹಿಂದುಳಿದವರ ವಸತಿಗೆಂದು ಕಾದಿರಿಸುವ ಏರ್ಪಾಡು ಮಾಡಿದರು. ಇದೆಲ್ಲ ಮೊದಲೇ ಆಗಬೇಕು. ಬೆಲೆಯೇರಿದ ಮೇಲೆ ಬಡವನಿಗೆ ಹಳ್ಳದ ದಂಡೆಯೇ ಗತಿ. ಕೌಟಿಲ್ಯನು ದುರ್ಗನಿವೇಶವನ್ನು ಹೇಳುವಲ್ಲಿ ನೂಲಿನ ಕೆಲಸದವರಿಗೂ ಲೋಹದ ಕೆಲಸದವರಿಗೂ ಒಂದೊಂದು ದಿಕ್ಕನ್ನು ಕೊಟ್ಟು, ಚಂಡಾಲರನ್ನು ಮಾತ್ರ ಸ್ಮಶಾನದ ಅಂಚಿಗೆ ಕಳುಹುತ್ತಾನೆ. ಆ ಗ್ರಂಥವನ್ನು ಆದರದಿಂದ ಓದಿದವರು ನಾವು. ಆದರೂ ಈ ಮಾತು ನಮಗೆ ಎಂದೂ ಒಪ್ಪಿಗೆಯಾಗಲಿಲ್ಲ.

ಊರೊಳಗೆ ಹೋದೆವು. ಮಲಪ್ರಭೆಯ ಜಲಾಶಯದಿಂದ ಬರುವ ನೀರು ಅಮ್ಮಿನಬಾವಿಯ ಸ್ಥಾವರದಲ್ಲಿ ತಿಳಿಯಾಗಿ ಹುಬ್ಬಳ್ಳಿ-ಧಾರವಾಡಗಳಿಗೆ ಹರಿಯುತ್ತದೆ. ನೀರು ಹೋದ ದಾರಿಯನ್ನೇ ಹಿಡಿದು ಈಗ ನಗರವು ಇತ್ತ ಬರುತ್ತಲಿದೆ.

ಗೌಂಡಿಯು ತಾನಿದ್ದ ಮಣ್ಣಿನ ಮಾಳಿಗೆಯ ಜಾಗವನ್ನು ತೋರಿಸಿದನು. ೨೦೧೯ರ ಆಗಸ್ಟದ ಮಳೆಗೆ ಅದು ಕುಸಿಯಿತು. ಪೂರ್ತಿ ಬಿದ್ದ ಮನೆಗೆ ಸರಕಾರವು ಐದು ಲಕ್ಷ ರೂಪಾಯಿಗಳನ್ನು ಗೊತ್ತುಪಡಿಸಿತ್ತು. ಆದರೆ ಇವನದು ಬಾಡಿಗೆಯ ಮನೆ. ಈಗಲೂ ಬಾಡಿಗೆಯಲ್ಲಿಯೇ ಇದ್ದಾನೆ. ಧಾರವಾಡದಲ್ಲಿ ಎಷ್ಟು ಮನೆಗಳನ್ನು ಕಟ್ಟಿರುವೆಯೆಂದು ಕೇಳಿದೆವು. “ಲೆಕ್ಕ ಇಟ್ಟಿಲ್ರಿ ಮಾಸ್ತರ” ಎಂದನು.

ಸಂಜೆ ಮತ್ತೆ ನಮ್ಮ ಕಲ್ಲುಗಳ ಬಳಿಗೆ ಬಂದೆವು. ಎರೆಯ ನೆಲವು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಬುನಾದಿಯನ್ನು ಆಳಕ್ಕೆ ಒಯ್ಯಬೇಕೆಂದು ಹೇಳಿ, ಆತನು ಟೇಪು ಹಿಡಿದು ಅಳೆದನು: ೩೦ ಅಡಿಗೆ ೪೦ ಅಡಿ. ಬಡವರಿಗೆ ಕೊಡುವ ನಿವೇಶನವು ಸಾಮಾನ್ಯವಾಗಿ ೨೦ಕ್ಕೆ ೩೦. ಟೇಪನ್ನು ಸುತ್ತುತ್ತ ಆತನೆಂದನು:

“ಇದರಾಗ ನಮ್ಮಂಥಾವರ ಎರಡು ಮನಿ ಆಗ್ತಾವ್ರೀ, ಮಾಸ್ತರ.”

ಅಷ್ಟರಲ್ಲಿ ಸವದತ್ತಿಯ ಬಸ್ಸು ಬಂದಿತು.