ಮೂರರಲ್ಲಿ ಒಂದು ಪಾಲು

ಗಣಕಯಂತ್ರದ ಕೀಲಿಮಣೆಯ ಮೇಲ್ಸಾಲಿನಲ್ಲಿ, ಬಲಗಡೆಗೆ, ‘ಪ್ರಿಂಟ್ ಸ್ಕ್ರೀನ್’ ಎಂಬ ಹೆಸರು ಹೊತ್ತ ಒಂದು ಗುಂಡಿಯಿದೆ. ಬಹುಮಂದಿ ಅದನ್ನು ಮುಟ್ಟಿಯೇ ಇರಲಾರರು. ಹಳೆಯ ಮನೆಗಳಲ್ಲಿ ಒಂದು ಕೋಣೆ ಇರುತ್ತದಲ್ಲ, ಯಾವುದಕ್ಕೆಂದು ಕಟ್ಟಿದರೋ ಆ ಕೆಲಸ ನಿಂತುಹೋಗಿ ಇನ್ನಾವುದಕ್ಕೋ ಬಳಕೆಯಾಗುತ್ತಿರುವಂಥದು, ಈ ಗುಂಡಿಯೂ ಅದೇ ಜಾತಿಯದು. 1981ರಲ್ಲಿ ಐಬಿಎಂ ಕಂಪನಿ ತನ್ನ ಪಿ.ಸಿ.ಯನ್ನು ಹೊರತಂದಾಗ ಅದು ಹೆಸರಿಗೆ ತಕ್ಕ ಕೆಲಸವನ್ನೇ ಮಾಡುತ್ತಿತ್ತು. ಶಿಫ್ಟ್ ಗುಂಡಿಯ ಜೊತೆಗೆ ಒತ್ತಿದರೆ ತೆರೆಯ ಮೇಲಿದ್ದ ಅಕ್ಷರಗಳಷ್ಟೂ ಪಕ್ಕದ ಮುದ್ರಣಯಂತ್ರದಿಂದ ಕರಕರನೆ ಕಾಗದಕ್ಕೆ ಇಳಿಯುತ್ತಿದ್ದವು. ಈಗ ಒತ್ತಿದರೆ ಎಲ್ಲಿಯೂ ಏನೂ ಅಚ್ಚಾಗುವುದಿಲ್ಲ. ತೆರೆಯದೊಂದು ಪಡಿಯಚ್ಚು ಯಂತ್ರದ ನೆನಪಿನಲ್ಲಿ ಕುಳಿತುಕೊಳ್ಳುತ್ತದೆ. ಅದಕ್ಕೆ ಸ್ಕ್ರೀನ್‌ಶಾಟ್ ಎನ್ನುತ್ತಾರೆ. ‘ತೆರೆಚಿತ್ರ’ ಎಂದು ಕನ್ನಡಿಸಬಹುದಾಗಿತ್ತು. ಆದರೆ ಕೆಲವರು ಸಿನಿಮಾ ಎಂದುಕೊಂಡಾರು, ಇನ್ನು ಕೆಲವರು ಕಡಲಿನ ಚಿತ್ರವೆಂದುಕೊಂಡಾರು. ಬಂದ ಹೆಸರೇ ಇರಲಿ.

ನನಗೆ ಇದರ ಗಂಟುಬಿದ್ದದ್ದು ಅಕ್ಕನ ದೆಸೆಯಿಂದ. ಅಕ್ಕನಿಗೆ ಈಗ 79 ವರ್ಷ. ತೀರ್ಥಹಳ್ಳಿಯ ಹತ್ತಿರದ ಊರಿನ ಮನೆಯಲ್ಲಿದ್ದಾಳೆ. ಅವಳ ಬಳಿ ನಮ್ಮ ತಾಯಿಯ ಹಾಡಿನ ಪುಸ್ತಕವಿದೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಬೀಗರನ್ನು ಹಂಗಿಸುವ ಹಾಡು, ಎಲ್ಲವೂ ಅಮ್ಮನ ದುಂಡು ಅಕ್ಷರದಲ್ಲಿ. ಕಾಗದ ಹಪ್ಪಳದಂತಾಗಿದೆ, ಒಂದು ಪುಟ ಮಗುಚಿದರೆ ಒಂದು ಚೂರು ಉದುರುತ್ತದೆ. ಅದೆಲ್ಲವನ್ನೂ ತಾನೇ ಟೈಪು ಮಾಡಿಡಬೇಕೆಂದು ಅಕ್ಕ ಹಟ ಹಿಡಿದಳು. ಬೇರೆಯವರಿಂದ ಮಾಡಿಸಬಹುದಲ್ಲ ಎಂದರೆ, ‘ಬೇರೆಯವರಿಗೆ ರಾಗ ಗೊತ್ತಿಲ್ಲ ಮಾರಾಯ, ಎಲ್ಲಿ ಎಳೆಯಬೇಕು ಎಲ್ಲಿ ಮುರಿಯಬೇಕು ಅವರಿಗೆ ಹೇಗೆ ತಿಳಿಯಬೇಕು?’ ಎಂದಳು. ಮಾತು ಸರಿಯೇ.

ಪುಣೆಯಲ್ಲಿರುವ ಅವಳ ಮಗ ಒಂದೇ ಮಾದರಿಯ ಎರಡು ಲ್ಯಾಪ್‌ಟಾಪು ಕೊಂಡು, ಒಂದನ್ನು ತಾಯಿಗೂ ಒಂದನ್ನು ನನಗೂ ಕೊಟ್ಟ. ತಾನು ಕಲಿಸಲು ಹೋಗಲಿಲ್ಲ, ಒಳ್ಳೆಯದೇ ಆಯಿತು. ಈಗಿನ ಹುಡುಗರು ಕಲಿಸಲು ಕುಳಿತರೆ ಎರಡೇ ನಿಮಿಷದಲ್ಲಿ ನಮ್ಮ ಕೈಯಿಂದ ಮೌಸನ್ನು ಕಸಿದುಕೊಂಡು ತಾವೇ ಎಲ್ಲ ಮಾಡಿ ಮುಗಿಸಿ, ‘ತಿಳಿಯಿತಲ್ಲ?’ ಎಂದು ಎದ್ದುಬಿಡುತ್ತಾರೆ. ಮೇಷ್ಟರ ಕೆಲಸ ಹೀಗೆ ನನಗೆ ಬಂತು.

ಇಲ್ಲಿ ಒಂದು ತೊಡಕಿದೆ. ಅಕ್ಕನಿಗೆ ಕಿವಿ ಮಂದ, ನನಗೆ ಕಣ್ಣು ಮಂದ. ಫೋನಿನಲ್ಲಿ ಅವಳು ಹೇಳಿದ್ದು ನನಗೆ ಕೇಳುತ್ತದೆ. ನಾನು ಹೇಳಿದ್ದು ಅವಳಿಗೆ ಇನ್ನೇನೋ ಆಗಿ ತಲಪುತ್ತದೆ. ಆದ್ದರಿಂದ ಅವಳು ಮಾತಿನಲ್ಲಿ ಕೇಳುವುದು, ನಾನು ಚಿತ್ರದಲ್ಲಿ ಉತ್ತರ ಕೊಡುವುದು ಎಂದು ಒಪ್ಪಂದ. ನನ್ನ ಲ್ಯಾಪ್‌ಟಾಪಿನ ತೆರೆ ಅವಳ ತೆರೆಯಂತೆಯೇ ಇರುವುದರಿಂದ ಅದರ ಸ್ಕ್ರೀನ್‌ಶಾಟ್ ತೆಗೆದು, ಒತ್ತಬೇಕಾದ ಜಾಗಕ್ಕೆ ಕೆಂಪು ಸುತ್ತು ಹಾಕಿ, ‘ಮೊದಲು 1, ಆಮೇಲೆ 2’ ಎಂದು ಸಂಖ್ಯೆ ಬರೆದು ಕಳಿಸುತ್ತಿದ್ದೆ. ಚಿತ್ರ ತೆಗೆದು ಸಂಖ್ಯೆ ಬರೆಯುವ ಹಳೆಯದೊಂದು ತಂತ್ರಾಂಶ ನನ್ನ ಬಳಿ ಇತ್ತು. ಹೀಗೆ ಮೂವತ್ತು ಹಾಡು ಮುಗಿದವು.

ಅಷ್ಟರಲ್ಲಿ ನನ್ನ ಕಣ್ಣಿನ ವಿಚಾರ ಎದ್ದಿತು. ನನಗಿರುವುದು ಗ್ಲಾಕೋಮ. ಅದು ಕಳ್ಳನ ಜಾತಿಯ ಕಾಯಿಲೆ. ನೋವಿಲ್ಲ, ಉರಿಯಿಲ್ಲ, ನೋಟದ ಅಂಚಿನಿಂದ ಚೂರುಚೂರೇ ಕದಿಯುತ್ತದೆ. ಕದ್ದ ಜಾಗ ಕಪ್ಪಾಗಿ ಕಂಡರೆ ಎಚ್ಚರವಾದರೂ ಆಗುತ್ತಿತ್ತು. ಮೆದುಳು ಸುತ್ತಲಿನ ಬಣ್ಣವನ್ನೇ ಬಳಿದು ಮುಚ್ಚಿಬಿಡುವುದರಿಂದ ಹೋದದ್ದು ಹೋಯಿತೆಂದೇ ತಿಳಿಯುವುದಿಲ್ಲ. ಹೋದದ್ದು ಮರಳುವುದೂ ಇಲ್ಲ. ಇರುವುದನ್ನು ಕಾಪಾಡಿಕೊಳ್ಳಲು ರಾತ್ರಿ ಮಲಗುವ ಮುಂಚೆ ಒಂದೊಂದು ತೊಟ್ಟು ಔಷಧ. ವೈದ್ಯರು ಆಗಾಗ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸುತ್ತಾರೆ. ನಡುವಿನ ದೀಪವನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಿಯಾದರೂ ಮಿಣುಕು ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಕಳೆದ ಸಲ ಎಡಗಣ್ಣಿನ ನಕಾಶೆಯ ಒಂದು ಮೂಲೆಯಲ್ಲಿ ಬೂದು ಮಚ್ಚೆಯೊಂದು ಬಂದಿತ್ತು. ಮಗಳು ಅದನ್ನು ನೋಡಿದವಳೇ 27 ಅಂಗುಲದ ಮಾನಿಟರೊಂದನ್ನೂ, ಅದನ್ನು ಲ್ಯಾಪ್‌ಟಾಪಿಗೆ ಕೂಡಿಸುವ ಹಬ್ಬನ್ನೂ ತಂದು ಮೇಜಿನ ಮೇಲಿಟ್ಟಳು. ‘ಹಬ್ ಬಂದಿದೆ’ ಎಂದು ಅಕ್ಕನಿಗೆ ಹೇಳಿದರೆ, ‘ಯಾವ ಹಬ್ಬವೋ? ಪಂಚಾಂಗದಲ್ಲಿ ಏನೂ ಕಾಣೆನಲ್ಲ!’ ಎಂದಳು.

ಹಬ್ ಬಂದ ವಾರದಿಂದ ಅಕ್ಕನ ದೂರುಗಳು ಬರತೊಡಗಿದವು. ‘ಗಡಿಯಾರದ ಪಕ್ಕ ಒತ್ತು ಅಂತ ಬರೆದಿದ್ದೀಯ, ನಿನ್ನ ಚಿತ್ರದಲ್ಲಿ ಗಡಿಯಾರವೇ ಇಲ್ಲವಲ್ಲೋ.’ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸುವ ಗುರುತು ಇರುವುದು ತೆರೆಯ ಕೆಳಗಿನ ಬಲಮೂಲೆಯಲ್ಲಿ, ಗಡಿಯಾರದ ಮಗ್ಗುಲಲ್ಲಿ. ನಾನು ಚಿತ್ರ ತೆರೆದು ನೋಡಿದೆ. ಗಡಿಯಾರ ನನಗೂ ಕಾಣಲಿಲ್ಲ. ಕಾಣಲಿಲ್ಲ ಎಂಬುದಕ್ಕೆ ನನ್ನ ಮಟ್ಟಿಗೆ ಎರಡು ಅರ್ಥ. ಮೂಲೆ ಚಿತ್ರದಲ್ಲಿ ಇಲ್ಲದಿರಬಹುದು. ಅಥವಾ ಮೂಲೆ ಇದ್ದು, ನನ್ನ ನೋಟದಲ್ಲಿ ಇಲ್ಲದಿರಬಹುದು. ಅಕ್ಕನೂ ಇಲ್ಲವೆನ್ನುತ್ತಾಳಲ್ಲ ಎಂದರೆ, ಅವಳು ನೋಡುತ್ತಿರುವುದು ಫೋನಿನ ಅಂಗೈಯಗಲದ ತೆರೆಯಲ್ಲಿ, ಅದೂ 79ರ ಕಣ್ಣಿನಲ್ಲಿ. ಅವಳೂ ಒಂದು ದಿನ ಮೆಲ್ಲಗೆ ಕೇಳಿದಳು: ‘ಔಷಧ ಹಾಕಿಕೊಳ್ಳುತ್ತಿದ್ದೀಯಾ?’ ಮೂರನೆಯ ವಾರ ಟೈಪು ಮಾಡುವುದನ್ನೇ ಬಿಟ್ಟಳು. ‘ಹೋಗಲಿ ಬಿಡೋ, ಪುಸ್ತಕ ನನ್ನ ಜೊತೆಗೇ ಬರಲಿ’ ಎಂದಳು. ಆ ಮಾತು ನನ್ನನ್ನು ಕುಳಿತಲ್ಲಿ ಕೂರಗೊಡಲಿಲ್ಲ.

ಸಲಹೆಗಳಿಗೇನೂ ಬರವಿರಲಿಲ್ಲ. ಎದುರುಮನೆಯ ಇಂಜಿನಿಯರಿಂಗ್ ಹುಡುಗ, ‘ಹಬ್ ಚೇಂಜ್ ಮಾಡಿ ಅಂಕಲ್’ ಎಂದ. ಎಸ್.ಪಿ. ರಸ್ತೆಯ ಅಂಗಡಿಯವರು ಕೇಬಲ್ ಬದಲಿಸಿ ಎಂದರು. ಮಗಳ ಸ್ನೇಹಿತೆಯೊಬ್ಬಳು ಲ್ಯಾಪ್‌ಟಾಪನ್ನೇ ಬದಲಿಸಿ ಎಂದಳು. ಇನ್ನು ಉಳಿದವನು ನಾನೊಬ್ಬನೇ.

ಹಬ್ ಎಂದರೆ ಏನೆಂದು ಮೊದಲು ತಿಳಿಯಬೇಕಲ್ಲ. 2014ರಲ್ಲಿ ಯುಎಸ್‌ಬಿ-ಸಿ ಎಂಬ ಚಪ್ಪಟೆ ಕಿಂಡಿ ನಿಶ್ಚಯವಾಯಿತು. ಅದೇ ವರ್ಷ, ಅದರೊಳಗಿನ ತಂತಿಗಳಲ್ಲಿ ಕೆಲವನ್ನು ತೆರೆಯ ಚಿತ್ರ ಸಾಗಿಸಲು ಎರವಲು ಕೊಡುವ ಏರ್ಪಾಡೂ ಆಯಿತು. ಸಾಧಾರಣ ಹಬ್ಬುಗಳು ಈ ಎರವಲಿನ ಮೇಲೆ ನಡೆಯುತ್ತವೆ. ಬಂದ ಚಿತ್ರವನ್ನು ಮಾನಿಟರಿಗೆ ಒಪ್ಪುವಂತೆ ಮಾರ್ಪಡಿಸಿ ದಾಟಿಸುವುದಷ್ಟೇ ಅವುಗಳ ಕೆಲಸ. ಇನ್ನೊಂದು ಬಗೆಯಿದೆ, ಡಿಸ್‌ಪ್ಲೇಲಿಂಕ್ ಎಂಬ ತಂತ್ರದ್ದು. ಅಲ್ಲಿ ಲ್ಯಾಪ್‌ಟಾಪಿನೊಳಗೆ ಒಂದು ತಂತ್ರಾಂಶ ಕುಳಿತು, ತೆರೆಯ ಚಿತ್ರವನ್ನು ಹಿಡಿದುಹಿಡಿದು, ಅದುಮಿ, ಸಾಮಾನ್ಯ ದತ್ತಾಂಶದಂತೆ ಹಬ್ಬಿಗೆ ಕಳಿಸುತ್ತದೆ. ಅಂದರೆ ಆ ಹಬ್ಬೇ ಎಡೆಬಿಡದೆ ಸ್ಕ್ರೀನ್‌ಶಾಟ್ ತೆಗೆಯುವ ಯಂತ್ರ! ಮ್ಯಾಕ್ ಗಣಕದಲ್ಲಿ ಅದು ನಡೆಯಬೇಕಾದರೆ ‘ತೆರೆಯನ್ನು ದಾಖಲಿಸಲು ಅನುಮತಿ’ ಕೊಡಲೇಬೇಕು. ಎರಡನೆಯ ತೆರೆಯ ಆಸೆಗೆ ತಂದದ್ದು ತೆರೆಯನ್ನು ನೋಡಲು ಅಪ್ಪಣೆ ಕೇಳುವುದನ್ನು ಕಂಡು ಗಾಬರಿಯಾಗುವವರು ಉಂಟು. ಅದರ ಕಸುಬೇ ಅದು. ಹಕ್ಕು ಕಾಯ್ದಿರಿಸಿದ ಚಲನಚಿತ್ರ ಇಂಥ ಕಡೆ ಕಪ್ಪು ಚೌಕವಾಗಿ ಕೂರುವುದೂ ಇದರ ಬಳಗದ ಸಂಗತಿ. ಎರಡು ಚಿತ್ರಸಂಸ್ಕಾರಕಗಳಿರುವ ಲ್ಯಾಪ್‌ಟಾಪುಗಳಲ್ಲಿ, ಮಾನಿಟರ್ ಒಂದಕ್ಕೆ ಕಟ್ಟಿದ್ದು ಸ್ಕ್ರೀನ್‌ಶಾಟಿನ ತಂತ್ರಾಂಶ ಇನ್ನೊಂದರ ಮೇಲೆ ನಡೆಯುತ್ತಿದ್ದರೂ ಬರೀ ಕಪ್ಪು ಬರುವುದುಂಟು.

ನನ್ನದು ಸಾಧಾರಣ ಹಬ್. ಚಾರ್ಜರ್ ಸಿಕ್ಕಿಸಿದಾಗಲೋ ಕಿತ್ತಾಗಲೋ ಒಂದು ಕ್ಷಣ ಸಂಬಂಧ ಕಡಿದು, ಮಾನಿಟರ್ ಕಣ್ಣು ಮಿಟುಕಿಸಿ, ಚಿತ್ರ ಹಿಡಿಯುತ್ತಿದ್ದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೆ ಮದ್ದು ಸುಲಭ: ಮೊದಲು ಚಾರ್ಜರ್, ಆಮೇಲೆ ಕೆಲಸ. ಆದರೆ ಮೂಲೆ ಕತ್ತರಿಸುವ ಶಕ್ತಿ ಅದಕ್ಕೆಲ್ಲಿಂದ ಬಂತು? ಸ್ಕ್ರೀನ್‌ಶಾಟ್ ಎಂಬುದು ಚಿತ್ರ ತಂತಿಗೆ ಇಳಿಯುವ ಮುಂಚೆಯೇ ಯಂತ್ರದೊಳಗೆ ತೆಗೆದ ಪಡಿ. ಮಾನಿಟರಿನ ಗಾಜಿನ ಮೇಲೆ ಗೀರು ಬಿದ್ದಿದ್ದರೆ, ಕೇಬಲ್ ಕೆಟ್ಟು ತೆರೆ ಹಳದಿಯಾಗಿದ್ದರೆ, ಅದು ಕಡತದಲ್ಲಿ ಇಳಿಯುವುದಿಲ್ಲ. ಕೇಬಲ್ಲನ್ನು ಅಲ್ಲಿಗೇ ಬಿಟ್ಟೆ.

ಹಬ್ಬನ್ನು ಕಿತ್ತು ನೋಡಿದೆ. ಚಿತ್ರ ಮೊದಲಿನಂತೆಯೇ ಮೊಟಕು. ಆದರೆ ಮಾರನೆಯ ಬೆಳಿಗ್ಗೆ ಹಬ್ ಇಲ್ಲದೆ ಯಂತ್ರ ಹಚ್ಚಿದಾಗ, ಅಕ್ಕ ಕೂಡಲೇ ‘ಗಡಿಯಾರ ಬಂತು’ ಎಂದಳು. ಸಂಜೆ ಹಬ್ ಹಾಕಿ ಯಂತ್ರವನ್ನು ಮತ್ತೆ ಹಚ್ಚಿದರೆ ಗಡಿಯಾರ ಮಾಯ. ಇದೆಂಥ ದೆವ್ವ! ಹಾಕಿದಾಗ ಬರುತ್ತದೆ, ತೆಗೆದಾಗ ಹೋಗುವುದಿಲ್ಲ, ಮಲಗಿ ಎದ್ದರೆ ಬಿಡುತ್ತದೆ.

ತೆರೆಗಳ ಜೋಡಣೆಯನ್ನು ಗುಮಾನಿಸಿದೆ. ಮುಖ್ಯ ತೆರೆಯ ಎಡ ಮೇಲ್ಮೂಲೆಯನ್ನು ವಿಂಡೋಸ್ ಸೊನ್ನೆ ಎಂದು ಎಣಿಸುತ್ತದೆ. ಅದರ ಎಡಕ್ಕೆ ಇನ್ನೊಂದು ತೆರೆ ಇದ್ದರೆ ಅದರ ಲೆಕ್ಕ ಸೊನ್ನೆಯಿಂದ ಕೆಳಗೆ, ಋಣಸಂಖ್ಯೆಯಲ್ಲಿ. ಋಣಸಂಖ್ಯೆ ಬಾರದ ಹಳೆಯ ತಂತ್ರಾಂಶಗಳು ಅಲ್ಲಿ ತಬ್ಬಿಬ್ಬಾಗುತ್ತವೆ. ನನ್ನ ಲ್ಯಾಪ್‌ಟಾಪು ಎಡಕ್ಕೇ ಇತ್ತು. ಅದನ್ನೆತ್ತಿ ಬಲಕ್ಕಿಟ್ಟು, ಸಿದ್ಧತೆಯ ಪುಟದಲ್ಲೂ ಅದರ ಚೌಕವನ್ನು ಬಲಕ್ಕೆ ಎಳೆದೆ. ಫಲವಿಲ್ಲ.

ಕೊನೆಗೆ ಕಣ್ಣಿನ ಸಾಕ್ಷಿಯೇ ಬೇಡವೆಂದು ಚಿತ್ರದ ಅಳತೆಯನ್ನು ಯಂತ್ರವನ್ನೇ ಕೇಳಿದೆ. 1280ಕ್ಕೆ 720 ಎಂದಿತು. ಲ್ಯಾಪ್‌ಟಾಪಿನ ತೆರೆ ಎಷ್ಟು? 1920ಕ್ಕೆ 1080. ಅಡ್ಡಲಾಗಿ ಮೂರರಲ್ಲಿ ಒಂದು ಪಾಲು ಇಲ್ಲ, ಉದ್ದಕ್ಕೂ ಮೂರರಲ್ಲಿ ಒಂದು ಪಾಲು ಇಲ್ಲ. ನಿಖರವಾಗಿ, ಒಂದು ಚುಕ್ಕೆಯೂ ಹೆಚ್ಚುಕಡಿಮೆಯಿಲ್ಲದೆ. ಆ ಎರಡು ಸಂಖ್ಯೆಗಳನ್ನು ಕಂಡು ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ಗ್ಲಾಕೋಮಕ್ಕೆ ಲೆಕ್ಕ ಬರುವುದಿಲ್ಲ. ಅದು ಕಂಡಕಂಡಲ್ಲಿ ಕಚ್ಚುತ್ತದೆಯೇ ಹೊರತು ಅಡಿಕೋಲು ಇಟ್ಟು ಕತ್ತರಿಸುವುದಿಲ್ಲ. ಅಡಿಕೋಲು ಇಟ್ಟವರು ಬೇರೆ ಯಾರೋ.

ಯಾರೆಂದು ತಿಳಿಯುವುದು ಆಮೇಲೆ ಕಷ್ಟವಾಗಲಿಲ್ಲ. ಸಣ್ಣ ತೆರೆಯಲ್ಲಿ ಅಕ್ಷರ ಇರುವೆಯಂತೆ ಕಾಣುತ್ತದೆಂದು ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ನೂರಕ್ಕೆ ನೂರೈವತ್ತರಷ್ಟು ಹಿಗ್ಗಿಸಿರುತ್ತಾರೆ; ದೊಡ್ಡ ಮಾನಿಟರಿನಲ್ಲಿ ಹಿಗ್ಗು ಬೇಡ, ನೂರೇ ಸಾಕು. ಹೊಸ ತಂತ್ರಾಂಶಗಳು ಒಂದೊಂದು ತೆರೆಗೂ ಒಂದೊಂದು ಅಳತೆಯೆಂದು ಬಲ್ಲವು. 2013ರ ವಿಂಡೋಸ್ 8.1ರಿಂದ ಅದಕ್ಕೆ ಅನುಕೂಲವಿದೆ. ನನ್ನ ಹಳೆಯದಕ್ಕೆ ಪ್ರಪಂಚದಲ್ಲಿ ಇರುವುದು ಒಂದೇ ಅಳತೆ: ನಾವು ಗಣಕದೊಳಗೆ ಪ್ರವೇಶ ಮಾಡಿದ ಗಳಿಗೆಯಲ್ಲಿ ಮುಖ್ಯ ತೆರೆಯದು ಯಾವುದೋ ಅದು. ಹಬ್ ಇದ್ದಾಗ ಮುಖ್ಯ ತೆರೆ ದೊಡ್ಡ ಮಾನಿಟರು, ಅಳತೆ ನೂರು. ಆ ಲೆಕ್ಕದಲ್ಲಿ ನೂರೈವತ್ತಕ್ಕೆ ಹಿಗ್ಗಿದ ಲ್ಯಾಪ್‌ಟಾಪಿನ ತೆರೆ 1280ರಷ್ಟೇ ಅಗಲವೆಂದು ವಿಂಡೋಸು ಅದಕ್ಕೆ ಹೇಳುತ್ತದೆ. ಅದು ನಂಬಿ, ಅಷ್ಟನ್ನೇ ಹಿಡಿದು ಕೈತೊಳೆದುಕೊಳ್ಳುತ್ತದೆ. ನಡುವೆ ಹಬ್ ಕಿತ್ತರೂ ಬೆಳಿಗ್ಗೆ ಹಿಡಿದ ಅಳತೆಯನ್ನು ಸಂಜೆಯವರೆಗೆ ಬಿಡುವುದಿಲ್ಲ. ಹೊರಬಂದು ಮತ್ತೆ ಒಳಹೊಕ್ಕರೆ ಮಾತ್ರ ಹೊಸ ಅಳತೆ. ಹಬ್ಬಿನ ಅಪರಾಧವೇನೂ ಇಲ್ಲ. ಎರಡನೆಯ ತೆರೆಯನ್ನು ಮನೆಗೆ ಕರೆತಂದದ್ದಷ್ಟೇ ಅದು ಮಾಡಿದ್ದು.

ಮದ್ದು ಎರಡು. ತಂತ್ರಾಂಶದ ಗುರುತಿನ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ಅದರಲ್ಲಿ ‘ಕಂಪ್ಯಾಟಿಬಿಲಿಟಿ’, ಅಲ್ಲಿ ಹಿಗ್ಗಿಸುವ ಹೊಣೆಯನ್ನು ವಿಂಡೋಸಿನಿಂದ ತೆಗೆದು ‘ಅಪ್ಲಿಕೇಷನ್’ಗೇ ಒಪ್ಪಿಸುವುದು ಒಂದು. ಮಾಡಿದೆ, ಚಿತ್ರ ಪೂರ್ತಿ ಬಂತು. ಆದರೆ ಆ ತಂತ್ರಾಂಶಕ್ಕೆ ತನ್ನನ್ನು ಹಿಗ್ಗಿಸಿಕೊಳ್ಳುವುದು ಗೊತ್ತಿಲ್ಲ. ಲ್ಯಾಪ್‌ಟಾಪಿನ ಮೇಲೆ ಅದರ ಗುಂಡಿಗಳು ಎಳ್ಳುಕಾಳಿನಷ್ಟಾದವು. ನನ್ನ ಕಣ್ಣಿಗೆ ಅದು ಆಗುವ ಮಾತಲ್ಲ. ಆದ್ದರಿಂದ ಎರಡನೆಯ ದಾರಿ ಹಿಡಿದಿದ್ದೇನೆ. ವಿಂಡೋಸ್ ಗುಂಡಿ, ಶಿಫ್ಟ್, ಎಸ್, ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸಿನ ಸ್ವಂತ ಸಾಧನ ಎದ್ದು ಬರುತ್ತದೆ. ಅದಕ್ಕೆ ಎರಡು ತೆರೆಯ ಸಂಸಾರ ಗೊತ್ತು. ಹಿಡಿಯುವುದು ಅದರಲ್ಲಿ; ಕೆಂಪು ಸುತ್ತು ಹಾಕಿ ಸಂಖ್ಯೆ ಬರೆಯುವುದು ಹಳೆಯದರಲ್ಲಿ, ದೊಡ್ಡ ಮಾನಿಟರಿನ ಮೇಲೆ. ಕಳಿಸುವ ಮುಂಚೆ ಅಳತೆ ನೋಡುತ್ತೇನೆ. ಕಣ್ಣಿನ ಮಾತು ಬೇರೆ. ಅದಕ್ಕೆ ಬರುವ ತಿಂಗಳು ಬೋಗುಣಿಯ ಮುಂದೆ ಕೂರುವುದು ಇದ್ದೇ ಇದೆ.

ಮೊನ್ನೆ ಅಕ್ಕನ ಧ್ವನಿ ಬಂತು. ‘ಗಡಿಯಾರದ ಪಕ್ಕದ್ದು ಸಿಕ್ಕಿತು ಕಣೋ. ಮೂವತ್ತೊಂದನೆಯದು ಮುಗಿಯಿತು. ಮೂವತ್ತೆರಡನೆಯದು ಅಮ್ಮ ನಿನ್ನನ್ನು ತೊಟ್ಟಿಲಿಗೆ ಹಾಕಿ ಹೇಳುತ್ತಿದ್ದದ್ದು. ಪುಟದ ಅಂಚನ್ನು ಗೆದ್ದಲು ತಿಂದಿದೆ, ಪ್ರತಿ ಸಾಲಿಗೂ ಕೊನೆಯ ಮಾತು ಇಲ್ಲ. ನಿನಗೇನಾದರೂ ನೆನಪಿದೆಯೇ?’

ತೊಟ್ಟಿಲಲ್ಲಿ ಕೇಳಿದ್ದು ಎಲ್ಲಿಂದ ನೆನಪಿರಬೇಕು? ಆದರೆ ತಂಗಿಗೂ ಅಮ್ಮ ಅದನ್ನೇ ಹೇಳಿರಬೇಕು, ಆಗ ನನಗೆ ಆರು ವರ್ಷ. ರಾತ್ರಿ ಔಷಧ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದಾಗ ಎರಡು ಸಾಲಿನ ಕೊನೆ ಸಿಕ್ಕಿತು. ಬೆಳಿಗ್ಗೆ ಟೈಪು ಮಾಡಿ, ಚಿತ್ರ ಹಿಡಿದು ಕಳಿಸಿದ್ದೇನೆ. ಮೂರನೆಯ ಸಾಲನ್ನು ಅಕ್ಕ ಹುಡುಕುತ್ತಿದ್ದಾಳೆ.