ಮಂಡಿಯೂ ಮನಸ್ಸೂ

ಮನುಷ್ಯನು ಕಾಲಿನ ಮೇಲೆ ನಿಲ್ಲುತ್ತಾನೆ. ಆ ಕಾಲಿನ ಬಲವೆಲ್ಲ ಮಂಡಿಯನ್ನು ಅವಲಂಬಿಸಿದೆ. ತೊಡೆಯ ಮೂಳೆಯೂ ಕಣಕಾಲಿನ ಮೂಳೆಯೂ ಸಂಧಿಸುವ ಈ ಕೀಲನ್ನು ಹಗ್ಗದಂತಹ ನಾಲ್ಕು ಮುಖ್ಯ ಬಂಧಗಳು ಬಿಗಿದು ಹಿಡಿದಿವೆ. ಅವುಗಳಿಗೆ ಅಸ್ಥಿಬಂಧಗಳೆಂದು ಹೆಸರು. ಜನರ ಮಾತಿನಲ್ಲಿ ಲಿಗಮೆಂಟ್. ಕೀಲಿನ ನಡುವೆ ಒಂದನ್ನೊಂದು ಅಡ್ಡಹಾಯ್ದು ನಿಂತಿರುವ ಎರಡು ಬಂಧಗಳಲ್ಲಿ ಮುಂದಿನದು, ಕಣಕಾಲಿನ ಮೂಳೆಯು ಮುಂದಕ್ಕೆ ಜಾರದಂತೆ ತಡೆಯುತ್ತದೆ. ಓಡುತ್ತಿರುವವನು ಥಟ್ಟನೆ ತಿರುಗಿದಾಗಲೋ ನೆಗೆದವನು ಓರೆಯಾಗಿ ಕಾಲೂರಿದಾಗಲೋ ಅದು ಹರಿಯುವುದುಂಟು. ಪೂರ್ತಿಯಾಗಿ ಹರಿದ ಬಂಧವು ತಾನಾಗಿಯೇ ಮೊದಲಿನಂತೆ ಕೂಡಿಕೊಳ್ಳುವುದು ಅಪರೂಪ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಹೇ ಗ್ರೋವ್ಸ್ ಅವರು ೧೯೧೭ರಲ್ಲಿ, ತೊಡೆಯ ಹೊರಬದಿಯ ಪೊರೆಯ ಪಟ್ಟಿಯೊಂದನ್ನು ಮಂಡಿಯೊಳಗೆ ಸೇರಿಸಿ ಹೊಸ ಬಂಧವನ್ನು ಕಟ್ಟಿದರು. ಈಗಿನ ವೈದ್ಯರು ಸಣ್ಣ ರಂಧ್ರಗಳ ಮೂಲಕ ದೂರದರ್ಶಕ ನಳಿಕೆಯನ್ನು ಇಳಿಸಿ, ಸಾಮಾನ್ಯವಾಗಿ ರೋಗಿಯ ದೇಹದಿಂದಲೇ ತೆಗೆದ ಸ್ನಾಯುರಜ್ಜುವನ್ನು ಅಲ್ಲಿ ಕೂರಿಸುತ್ತಾರೆ. ವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ರೋಗಿಯ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಆಟದ ಮೈದಾನಕ್ಕೆ ಹಿಂದಿರುಗಲು ಒಂಬತ್ತು ತಿಂಗಳಾದರೂ ಬೇಕು.

ಆ ತಿಂಗಳುಗಳ ಮೊದಲ ದಿನವೇ ಒಂದು ಸೋಜಿಗವು ಎದುರಾಗುತ್ತದೆ. ರೋಗಿಯು ಕಾಲನ್ನು ನೇರವಾಗಿಟ್ಟು ಎತ್ತಲು ಯತ್ನಿಸುತ್ತಾನೆ. ಎಷ್ಟೋ ಸಲ ತೊಡೆ ಮಾತು ಕೇಳುವುದಿಲ್ಲ. ತೊಡೆಯ ಮುಂಭಾಗದ ಸ್ನಾಯುವಿಗೆ ಪೆಟ್ಟಾಗಿರದಿದ್ದರೂ ಅದು ಸುಮ್ಮನೆ ಮಲಗಿರುತ್ತದೆ. ಊದಿಕೊಂಡ ಕೀಲಿನಿಂದ ಹೊರಟ ಸಂಕೇತಗಳು ಆ ಸ್ನಾಯುವಿಗೆ ಹೋಗುವ ನರಗಳ ಆಜ್ಞೆಯನ್ನು ತಗ್ಗಿಸಿಬಿಡುವುದೇ ಇದಕ್ಕೆ ಕಾರಣ. ಆದುದರಿಂದ ಮೊದಲ ವ್ಯಾಯಾಮವು ನೋಡುವವರಿಗೆ ವ್ಯಾಯಾಮವೆಂದೇ ತೋರದು. ರೋಗಿಯು ತೊಡೆಯ ಮೇಲೆ ದೃಷ್ಟಿಯಿಟ್ಟು, ಮಂಡಿಯನ್ನು ಹಾಸಿಗೆಗೆ ಒತ್ತಿ, ಸ್ನಾಯುವನ್ನು ಬಿಗಿಹಿಡಿದು ಐದರವರೆಗೆ ಎಣಿಸುತ್ತಾನೆ. ಅಲ್ಲಿ ದುಡಿಯುವುದು ತೊಡೆಯಷ್ಟೇ ಅಲ್ಲ, ಮನಸ್ಸೂ ಹೌದು.

ಮನಸ್ಸು ಹೀಗೆ ಸ್ನಾಯುವಿಗೆ ಬಲ ಕೊಡಬಲ್ಲುದೆ? ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಗ್ವಾಂಗ್ ಯೂ ಮತ್ತು ಕೆಲ್ಲಿ ಕೋಲ್ ಎಂಬ ವಿಜ್ಞಾನಿಗಳು ೧೯೯೨ರಲ್ಲಿ ಇದಕ್ಕೆ ಉತ್ತರವೊಂದನ್ನು ಪ್ರಕಟಿಸಿದರು. ಒಂದು ಗುಂಪಿನವರು ನಾಲ್ಕು ವಾರ ಕಿರುಬೆರಳಿನ ವ್ಯಾಯಾಮ ಮಾಡಿದರು. ಇನ್ನೊಂದು ಗುಂಪಿನವರು ಬೆರಳನ್ನು ಅಲುಗಿಸದೆ, ಮಾಡುತ್ತಿರುವಂತೆ ಕಲ್ಪಿಸಿಕೊಂಡರು. ಮೊದಲನೆಯವರ ಬಲ ಶೇಕಡ ೩೦ರಷ್ಟು ಹೆಚ್ಚಿತು. ಕಲ್ಪಿಸಿಕೊಂಡವರದು ಶೇಕಡ ೨೨ರಷ್ಟು ಹೆಚ್ಚಿತು. ಬೆರಳು ಸುಮ್ಮನಿದ್ದರೂ ಅದಕ್ಕೆ ಆಜ್ಞೆ ನೀಡುವ ನರಮಂಡಲವು ಪಳಗಿತ್ತೆಂದು ಅವರು ವಿವರಿಸಿದರು.

ಮಂಡಿಯ ವಿಷಯದಲ್ಲಿಯೂ ಇಂತಹ ಪರೀಕ್ಷೆ ನಡೆದಿದೆ. ಡೆಬೊರ ಕ್ಯೂಪಲ್ ಮತ್ತು ಬ್ರಿಟನ್ ಬ್ರೂಯರ್ ಎಂಬ ಮನೋವಿಜ್ಞಾನಿಗಳು ಶಸ್ತ್ರಚಿಕಿತ್ಸೆಯಾದ ೩೦ ಜನರನ್ನು ಗಮನಿಸಿ ೨೦೦೧ರಲ್ಲಿ ವರದಿ ನೀಡಿದರು. ವಾಡಿಕೆಯ ವ್ಯಾಯಾಮದ ಜೊತೆಗೆ ದೇಹವನ್ನು ಸಡಿಲಗೊಳಿಸುವ ಕ್ರಮವನ್ನೂ ಕಲ್ಪನೆಯ ಅಭ್ಯಾಸವನ್ನೂ ಕಲಿತವರಲ್ಲಿ, ೨೪ ವಾರಗಳ ನಂತರ, ಮಂಡಿಯ ಬಲ ಹೆಚ್ಚಾಗಿತ್ತು. ನೋವೂ ಮರಳಿ ಪೆಟ್ಟಾದೀತೆಂಬ ಅಂಜಿಕೆಯೂ ಕಡಿಮೆಯಾಗಿದ್ದವು. ಪರೀಕ್ಷೆ ಚಿಕ್ಕದು, ಆದರೂ ಅದು ತೋರಿದ ದಾರಿ ಗಮನಾರ್ಹವಾದುದು.

ಈ ಅಭ್ಯಾಸದ ಕ್ರಮವು ಸರಳವಾಗಿದೆ. ರೋಗಿಯು ಕಣ್ಣುಮುಚ್ಚಿ ಉಸಿರನ್ನು ನಿಧಾನಗೊಳಿಸುತ್ತಾನೆ. ತಾನು ಮೆಟ್ಟಿಲಿಳಿಯುತ್ತಿರುವಂತೆ ಭಾವಿಸುತ್ತಾನೆ. ದೂರ ನಿಂತು ನೋಡುವವನಂತಲ್ಲ, ಇಳಿಯುವವನಾಗಿಯೇ. ಅಂಗಾಲಿಗೆ ತಾಗುವ ಕಲ್ಲಿನ ತಂಪು, ಮಂಡಿ ಬಾಗುವಾಗ ತೊಡೆಗೆ ಬೀಳುವ ಭಾರ, ಎಲ್ಲವನ್ನೂ ಅನುಭವಿಸುತ್ತಾನೆ. ಬಳಿಕ ಎದ್ದು, ಚಿಕಿತ್ಸಕರು ಅನುಮತಿಸಿದಷ್ಟೇ ಮೆಟ್ಟಿಲುಗಳನ್ನು ಇಳಿಯುತ್ತಾನೆ. ಹೊಸ ಬಂಧವು ಮೊದಲ ತಿಂಗಳುಗಳಲ್ಲಿ ದುರ್ಬಲಗೊಂಡು ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ನೋವು ನಿಂತಿತೆಂದು ಆಗ ಓಡಿದರೆ ಅಪಾಯವುಂಟು. ದೇಹವು ಓಡಬಾರದ ಆ ಕಾಲದಲ್ಲಿ ಮನಸ್ಸು ಓಡಬಹುದು.

ಕಟ್ಟಕಡೆಗೆ ಉಳಿಯುವ ಅಡ್ಡಿ ಭಯ. ಅಳತೆಗೆ ಮಂಡಿ ಸರಿಹೋಗಿದ್ದರೂ, ಬಿದ್ದ ಗಳಿಗೆಯ ನೆನಪು ಕಾಲನ್ನು ಹಿಂದಕ್ಕೆ ಎಳೆಯುತ್ತದೆ. ಹರಿಯಾಣದ ಕುಸ್ತಿಪಟು ವಿನೇಶ್ ಫೋಗಟ್ ೨೦೧೬ರ ರಿಯೊ ಒಲಿಂಪಿಕ್ಸಿನಲ್ಲಿ ಚೀನದ ಸುನ್ ಯಾನನ್ ಅವರೊಡನೆ ಸೆಣಸುವಾಗ ಮಂಡಿಗೆ ತೀವ್ರ ಪೆಟ್ಟಾಗಿ, ಅಖಾಡದಿಂದ ಹೊರಬಂದದ್ದು ಸ್ಟ್ರೆಚರಿನ ಮೇಲೆ. ಶಸ್ತ್ರಚಿಕಿತ್ಸೆಯೂ ದೀರ್ಘ ಸಾಧನೆಯೂ ಆದ ಮೇಲೆ, ೨೦೧೮ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲಿಯೇ ಅದೇ ಎದುರಾಳಿ ಮುಂದೆ ನಿಂತರು. ವಿನೇಶ್ ಆ ಪಂದ್ಯವನ್ನು ಗೆದ್ದು, ಮುಂದೆ ಚಿನ್ನದ ಪದಕವನ್ನೂ ಗೆದ್ದರು; ಏಷ್ಯನ್ ಕ್ರೀಡಾಕೂಟದ ಕುಸ್ತಿಯಲ್ಲಿ ಚಿನ್ನ ಪಡೆದ ಭಾರತದ ಮೊದಲ ಮಹಿಳೆಯಾದರು. ಅಂದು ಆ ಎದುರಾಳಿಯ ಮುಂದೆ ಕಾಲೂರಿ ನಿಲ್ಲಲು ಬರಿಯ ಮಂಡಿಯ ಬಲವೊಂದೇ ಸಾಕಾಗುತ್ತಿರಲಿಲ್ಲ.

ಅಡುಗೆಯನ್ನು ನೆನೆದ ಮಾತ್ರಕ್ಕೆ ಹೊಟ್ಟೆ ತುಂಬದು; ವ್ಯಾಯಾಮವನ್ನು ನೆನೆದ ಮಾತ್ರಕ್ಕೆ ಮಂಡಿಯೂ ಗುಣವಾಗದು. ಮನಸ್ಸನ್ನು ಬೇರೆಲ್ಲೋ ಬಿಟ್ಟು ಕಾಲನ್ನು ನೂರು ಸಲ ಎತ್ತಿದರೂ ಪೂರ್ಣ ಫಲ ದೊರೆಯದು. ಒಂದು ಹೆಜ್ಜೆ ಮನಸ್ಸಿನಲ್ಲಿ, ಅದೇ ಹೆಜ್ಜೆ ನೆಲದ ಮೇಲೆ: ಹೀಗೆ ದಿನದಿನವೂ ನಡೆದವನ ಕಾಲು ಮರಳಿ ಅವನದೇ ಆಗುತ್ತದೆ.