ಜೋಳಕ್ಕೆ ಸುಣ್ಣ, ರೊಟ್ಟಿಗೆ ನಿಂಬೆ

ಮಂಡ್ಯ ಬಳಿಯ ವಿ.ಸಿ. ಫಾರಂಗೆ ವಿಶ್ವೇಶ್ವರಯ್ಯ ನಾಲೆಯದೇ ಹೆಸರು. ಕಬ್ಬು, ಭತ್ತಕ್ಕೆ ಖ್ಯಾತವಾದ ಈ ಕೃಷಿ ಸಂಶೋಧನಾ ಕೇಂದ್ರದಿಂದ ‘ಹೇಮಾ’ ಎಂಬ ಮುಸುಕಿನ ಜೋಳದ ತಳಿಯೂ ಬಂದಿದೆ.

ಈ ಜೋಳದ ತವರು ಮೆಕ್ಸಿಕೊ. ಅಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ಹೌದು, ನಮ್ಮ ಎಲೆಯಡಿಕೆಯ ಸುಣ್ಣವೇ! ಸಿಪ್ಪೆ ಕಳಚುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಕಾಳಿನೊಳಗೆ ಬಂಧಿಯಾದ ನಯಾಸಿನ್ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಸುಣ್ಣ ಬಿಟ್ಟು ಜೋಳವನ್ನೇ ನಂಬಿದ ಯುರೋಪಿನ ಬಡವರನ್ನು 18ನೇ ಶತಮಾನದಿಂದ ಪೆಲಾಗ್ರ ರೋಗ ಕಾಡಿತು.

ಆ ಹಿಟ್ಟಿನ ತೆಳು ರೊಟ್ಟಿ ಬೇಯಿಸಿ, ಗರಿಗರಿಯಾಗಿ ಕರಿದರೆ ‘ತೊಸ್ತಾದ’. ಮದ್ದೂರು ವಡೆಯ ದೂರದ ನೆಂಟನೆಂದು ಮಕ್ಕಳಿಗೆ ಹೇಳಬಹುದು! ಮೇಲೆ ಬೇಯಿಸಿ ಮಸೆದ ಅಲಸಂದೆ, ಈರುಳ್ಳಿ, ಟೊಮೆಟೊ, ಕೊತ್ತಂಬರಿ. ನಿಂಬೆಹಣ್ಣನ್ನು ಮಾತ್ರ ತಿನ್ನುವಾಗಲೇ ಹಿಂಡಬೇಕು. ಮೊದಲೇ ಹಿಂಡಿದರೆ ರೊಟ್ಟಿ ಮೆತ್ತಗಾಗುತ್ತದೆ.